ಎಣಿಕೆಗೆ ಸಿಗದ ಇಲಿಗಳು

ಸತ್ತ ಇಲಿಗಳನ್ನು ಎಣಿಸಿ ಡೈರಿಯಲ್ಲಿ ಬರೆದಿಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಈಗ ಕಾಣಿ. ನಾನೇ ಅವನು.

(ನಗುವವರು ಈಗಲೇ ನಕ್ಕುಬಿಡಿ. ಮುಂದೆ ಅವಕಾಶವಿಲ್ಲ.)

ನನ್ನ ಅಕ್ಕ ಗಿರಿಜಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದೆ. ಭಾವನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಹಾಸನದಲ್ಲಿ ಗುಮಾಸ್ತನಾಗಿರುವ ನಾನು ಶನಿವಾರ ಬಸ್ಸು ಹತ್ತಿದರೆ ಭಾನುವಾರ ಸಂಜೆಯವರೆಗೆ ಅವರ ಮನೆಯಲ್ಲೇ ಬಿಡಾರ. ಹೋದಾಗಲೆಲ್ಲ ಬೀದಿಯಲ್ಲಿ ಒಂದು ಸುತ್ತು ಹಾಕಿ, ಯಾರ ಮನೆಯಲ್ಲಿ ಎಷ್ಟು ಇಲಿ ಬಿತ್ತು ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದೆ.

ಪ್ಲೇಗು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಲಿ ಬಿತ್ತೆಂದರೆ ಮನೆ ಬಿಡಬೇಕು, ಊರಾಚೆ ಗುಡಿಸಲು ಹಾಕಬೇಕು. ಹಿಂದೆಯೇ ಮುನಿಸಿಪಾಲಿಟಿಯ ಆಳುಗಳು ಬಂದು, ಒಳಗೆ ಬಿಸಿಲು ಬೀಳಲೆಂದು ಸೂರಿನ ಹೆಂಚು ಇಳಿಸುತ್ತಾರೆ.

ಮೂರು ವಾರದ ಹಿಂದಿನ ಭಾನುವಾರ. ರಾಗಿ ತುಂಬಿಡುವ ವಾಡೆಯ ಹಿಂದೆ ಅಕ್ಕನಿಗೆ ಒಂದು ಸತ್ತ ಇಲಿ ಸಿಕ್ಕಿತು. ಬೆಕ್ಕಿನ ಹಲ್ಲಿನ ಗುರುತಿಲ್ಲ, ರಕ್ತವಿಲ್ಲ. ಅಕ್ಕ ಅಳಲು ಶುರುಮಾಡಿದಳು. ಎರಡು ವರ್ಷದ ಮಗುವನ್ನೂ ಭಾವನ ತಂಗಿ ಪಾರ್ವತಿಯನ್ನೂ ಕರೆದುಕೊಂಡು ಈಗಲೇ ಕೊಣನೂರಿನ ತವರಿಗೆ ಹೋಗುತ್ತೇನೆ ಎಂದಳು.

ಭಾವ ಒಪ್ಪಲಿಲ್ಲ. ಬುಧವಾರ ಚನ್ನರಾಯಪಟ್ಟಣದಿಂದ ಪಾರ್ವತಿಯನ್ನು ನೋಡಿ ಒಪ್ಪಿಗೆ ಹೇಳಲು ಗಂಡಿನ ಕಡೆಯವರು ಬರುವವರಿದ್ದರು. ಇಲಿಯ ಸುದ್ದಿ ತಿಳಿದರೆ ಬೀದಿಗೆ ಕಾಲಿಡುತ್ತಾರೆಯೇ? ಹೋಗಲಿ, ಪಾರ್ವತಿಗೆ ಇನಾಕ್ಯುಲೇಷನ್ ಆದರೂ ಹಾಕಿಸಿ ಎಂದು ಅಕ್ಕ ಬೇಡಿಕೊಂಡಳು. ಅದೂ ಆಗದು. ಸೂಜಿ ಹಾಕಿಸಿದರೆ ಜ್ವರ ಬರುತ್ತದೆ, ತೋಳು ಊದುತ್ತದೆ, ನೋಡಲು ಬಂದವರ ಮುಂದೆ ಹುಡುಗಿ ಬಾಡಿದ ಬದನೆಕಾಯಿಯಂತೆ ಕೂರುತ್ತಾಳೆ.

ಕೊನೆಗೆ ಭಾವ ನನ್ನ ಕಡೆ ತಿರುಗಿದರು. ಲೆಕ್ಕಸ್ಥ, ನೀನೇ ಹೇಳು ಎಂದರು.

ನಾನು ಡೈರಿ ತೆಗೆದೆ. ಇದನ್ನೂ ಸೇರಿಸಿ ಬೀದಿಯಲ್ಲಿ ಬಿದ್ದದ್ದು ಒಟ್ಟು ಮೂರು. ಹಿಂದಿನ ಸಲ ಮೊದಲ ಕೇಸು ಕಾಣುವ ಹೊತ್ತಿಗೆ ಇದೇ ಬೀದಿಯಲ್ಲಿ ಹದಿನಾಲ್ಕು ಬಿದ್ದಿದ್ದವು. ಆದ್ದರಿಂದ ಗುರುವಾರದವರೆಗೆ ಕಾಯಬಹುದು. ಹೀಗೆಂದು, ನ್ಯಾಯಾಧೀಶನ ಗತ್ತಿನಲ್ಲಿ ಡೈರಿ ಮುಚ್ಚಿದೆ.

"ಕೇಳಿಸ್ಕಂಡ್ಯೇನೇ ನಿನ್ ತಮ್ಮ ಯೋಳಿದ್ದ?" ಎಂದರು ಭಾವ. "ನಿಂದು ಕಣ್ಣೀರು. ಅವಂದು ಲಾಜಿಕ್ಕು."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕಣ್ಣಿಗೆ ಬಿದ್ದವ್ನ ಬರ್ಕಂಡಿದ್ದೀಯ ಕಣಪ್ಪ. ಊತಾಕಿರವ್ನ ಯಾವ್ ಪುಸ್ತಕದಲ್ಲಿ ಬರ್ಕಂಡಿದ್ದೀಯ?"

ಪಕ್ಕದ ಮನೆಯ ಪುಟ್ಟತಾಯಮ್ಮ ದಿನವೂ ಹಿತ್ತಲ ಗೋಡೆಯ ಮೇಲಿಂದ ಮಾತಾಡುವವಳು. ನಾಲ್ಕು ದಿನದಿಂದ ಮುಖ ತೋರಿಸಿಲ್ಲ, ಮಕ್ಕಳನ್ನು ಒಳಗೆ ಮಲಗಿಸುತ್ತಿಲ್ಲ, ಎದುರು ಸಿಕ್ಕರೆ ನೆಲ ನೋಡುತ್ತಾಳೆ ಎಂದಳು ಅಕ್ಕ. ಅದೆಲ್ಲ ಸಾಕ್ಷಿಯಾಗುವುದಿಲ್ಲ, ನಿನ್ನ ಮನಸ್ಸಿನ ಭ್ರಮೆ ಎಂದೆ ನಾನು. (ಇಷ್ಟು ದೊಡ್ಡ ದಡ್ಡತನದ ಮಾತನ್ನು ಇಷ್ಟು ಸಮಾಧಾನದಿಂದ ನಾನು ಹಿಂದೆಂದೂ ಆಡಿರಲಿಲ್ಲ.)

ಸೋಮವಾರ ಬೆಳಿಗ್ಗೆ ಅಕ್ಕ ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಇದ್ದಿಲಿನಲ್ಲಿ ಓಡುವ ಅರಕಲಗೂಡಿನ ಬಸ್ಸು ಹತ್ತಿ ಕೊಣನೂರಿಗೆ ಹೊರಟಳು. ಪಾರ್ವತಿಯೇ ಬಸ್ಸಿನವರೆಗೆ ಬಂದು ಕಿಟಕಿಯಲ್ಲಿ ಮಗುವನ್ನು ಕೈಗೆ ಕೊಟ್ಟಳಂತೆ. ನೀನೂ ಹತ್ತೇ ಎಂದರೆ, ಅಣ್ಣ ಬಯ್ತಾನೆ ಎಂದಳಂತೆ.

ಬುಧವಾರ ಗಂಡಿನವರು ಬಂದರು, ಕೇಸರಿಬಾತು ತಿಂದರು, ಒಪ್ಪಿದರು. ಶುಕ್ರವಾರ ಪಾರ್ವತಿಗೆ ಜ್ವರ. ಶನಿವಾರ ತೊಡೆಯ ಸಂದಿನಲ್ಲಿ ಗಡ್ಡೆ. ಸೋಮವಾರ ಬೆಳಿಗ್ಗೆ ಹೋಗಿಬಿಟ್ಟಳು. ಹದಿನೇಳು ವರ್ಷ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಪುಟ್ಟತಾಯಮ್ಮ ನನ್ನನ್ನು ಹಿತ್ತಲಿಗೆ ಕರೆದಳು. ಆಗಲೂ ನೆಲ ನೋಡುತ್ತಲೇ ಮಾತಾಡಿದಳು.

"ನಮ್ಮನೇಲೇ ಐದು ಬಿದ್ದಿದ್ವು ಕಣಪ್ಪ. ಎಂಚು ಇಳುಸ್ಬುಡ್ತಾರೆ ಅಂತ ಗೊಬ್ರದ ಗುಂಡೀಲಿ ಊತಾಕ್ದೊ. ನಿಮ್ಮಕ್ಕ ಊರ್ಗೋಗಕ್ ಮುಂಚೇನೇ ನಿಮ್ ಬಾವಾರೂ ಎರಡು ಊತವ್ರೆ. ಅವ್ರು ನನ್ನ ನೋಡುದ್ರು, ನಾನು ಅವ್ರ ನೋಡ್ದೆ. ಇಬ್ರೂ ಸುಮ್ಕಾದೊ."

ನಾನು ಡೈರಿ ಬಿಚ್ಚಿ ನನ್ನ ತೀರ್ಪು ಹೇಳುವಾಗ ಆ ಎರಡು ಇಲಿಗಳ ಸುದ್ದಿ ಭಾವನ ಬಾಯಲ್ಲಿತ್ತು. ನುಂಗಿಕೊಂಡು ಕೂತಿದ್ದರು. ನುಂಗಿಕೊಂಡೇ ನನ್ನ ಲಾಜಿಕ್ಕನ್ನು ಹೊಗಳಿದರು.

ಎದುರಿಗೇ ಕೇಳಿದೆ. ಅವರು ತಡವರಿಸಲಿಲ್ಲ. ಬಾಯಿ ಬಿಟ್ಟಿದ್ದರೆ ಸಂಬಂಧ ತಪ್ಪುತ್ತಿತ್ತು. ಒಮ್ಮೆ ಸಂಬಂಧ ತಪ್ಪಿದ ಹುಡುಗಿಗೆ ಇನ್ನೊಂದು ಕಡೆ ಸುಲಭವಾಗಿ ಕೂಡುತ್ತದೆಯೇ? ಯೋಚನೆ ಮಾಡಿಯೇ ಮಾಡಿದೆ, ಮುಂದಿನದು ವಿಧಿ, ಎಂದರು.

ಯೋಚನೆಯಂತೆ. ಓದುಗರೇ, ನಾವು ಗಂಡಸರು ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತೇವೆ! ಹೆಂಗಸು ಹೆದರಿದರೆ ಅದು ಪುಕ್ಕಲುತನ. ಗಂಡಸು ನಾಲ್ಕು ಜನರ ಮಾತಿಗೆ ಹೆದರಿದರೆ ಅದು ಮುಂದಾಲೋಚನೆ. ಅಕ್ಕನಿಗಿದ್ದದ್ದು ಪ್ಲೇಗಿನ ಭಯ, ಭಾವನಿಗಿದ್ದದ್ದು ಬೀಗರ ಭಯ. ಎರಡೂ ಭಯವೇ. ಆದರೆ ಒಂದು ಸೆರಗು ಹೊದ್ದಿತ್ತು, ಇನ್ನೊಂದು ಕೋಟು ತೊಟ್ಟಿತ್ತು. ನಾವು ಕೋಟಿಗೆ ಕೈಮುಗಿದೆವು.

ಇಷ್ಟಕ್ಕೂ ಆ ಮನೆಯಲ್ಲಿ ಸರಿಯಾಗಿ ತರ್ಕ ಮಾಡಿದ್ದು ಯಾರು? ಅಕ್ಕ ಪಕ್ಕದ ಮನೆಯವಳ ಮುಖ ನೋಡಿದಳು, ಬಗ್ಗಿದ ಕಣ್ಣು ನೋಡಿದಳು, ಒಟ್ಟು ಕೂಡಿಸಿದಳು. ಅಳುತ್ತಲೇ ಕೂಡಿಸಿದಳು, ಉತ್ತರ ತಪ್ಪಲಿಲ್ಲ. ಕಣ್ಣಲ್ಲಿ ನೀರು ಬಂದ ಮಾತ್ರಕ್ಕೆ ತಲೆ ಕೆಲಸ ನಿಲ್ಲಿಸುತ್ತದೆ ಎಂದು ನಮಗೆ ಕಲಿಸಿದವರು ಯಾರು? ನಾನೋ, ಜನ ಧೈರ್ಯವಾಗಿ ಒಪ್ಪಿಕೊಂಡ ಇಲಿಗಳನ್ನು ಮಾತ್ರ ಎಣಿಸಿ, ಅದನ್ನೇ ಊರಿನ ಲೆಕ್ಕ ಎಂದುಕೊಂಡೆ.

ಭಾವನನ್ನು ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಲೆಕ್ಕಸ್ಥ ಎಂದು ಅವರು ಕರೆದಾಗ ನನಗೆ ಒಳಗೊಳಗೇ ಹಿಗ್ಗಾಗಿತ್ತು. ಓದಿದವರು, ದುಡಿಯುವವರು, ನನಗಿಂತ ಹತ್ತು ವರ್ಷ ದೊಡ್ಡವರು ನನ್ನ ಮಾತಿಗೆ ಕಾದು ಕೂತಿದ್ದಾರೆ. ಆ ಹಿಗ್ಗಿನಲ್ಲಿ ಅಕ್ಕನ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಹಿಗ್ಗು ಯಾವ ಲಾಜಿಕ್ಕು, ಹೇಳಿ?

ನಿನ್ನೆ ಭಾವನಿಂದ ಕಾಗದ ಬಂದಿದೆ. ಈಗ ಊರಾಚೆ ಗುಡಿಸಲಿನಲ್ಲಿದ್ದಾರೆ, ಅಡುಗೆಗೆ ಕಷ್ಟವಂತೆ. ಕಷ್ಟಕಾಲದಲ್ಲಿ ನಾದಿನಿಯನ್ನು ಬಿಟ್ಟು ಓಡಿಹೋದವಳು ಎಂದು ಜನ ಅಕ್ಕನನ್ನು ಆಡಿಕೊಳ್ಳುತ್ತಿದ್ದಾರಂತೆ. (ಆ ಜನ ಯಾರು ಎಂಬುದನ್ನು ಬರೆದಿಲ್ಲ.) ಅಕ್ಕ ಅವರ ಎರಡು ಕಾಗದಗಳಿಗೂ ಉತ್ತರ ಹಾಕಿಲ್ಲ. ಆದ್ದರಿಂದ ನಾನು ಕೊಣನೂರಿಗೆ ಹೋಗಿ, ಅವಳಿಗೆ ನಾಲ್ಕು ಬುದ್ಧಿಮಾತು ಹೇಳಿ ಕರೆದುಕೊಂಡು ಬರಬೇಕಂತೆ.

ಯಾವ ಬಾಯಲ್ಲಿ ಹೇಳಲಿ?