ತೊಟ್ಟಿಲ ಮಗ್ಗುಲಿನ ಗೋಡೆ

ಭಾಮಾಗೆ ಅಂಜುಬುರುಕಿ ಎಂಬ ಹೆಸರು ಅಂಟಿಕೊಂಡದ್ದು ಮಗಳು ಇಂದೂ ಹುಟ್ಟಿದ ಮೇಲೆ. ಅದಕ್ಕೂ ಮೊದಲು ಅವಳು ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು, ಮಾಸ್ತರರ ಒಬ್ಬಳೇ ಮಗಳು. ಮದುವೆಯಾಗಿ ಪುಣೆಗೆ ಬರುವಾಗ ರೈಲಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೈಸಿಕೊಂಡವಳು. ಕೂಸು ಮಡಿಲಿಗೆ ಬಂದದ್ದೇ ತಡ, ಲೋಕವೆಲ್ಲ ಅದರ ಮೇಲೆ ಎರಗಲು ಹೊಂಚು ಹಾಕಿ ಕೂತಂತೆ ಕಾಣತೊಡಗಿತು. ಕಿಟಕಿ ತೆರೆದರೆ ಥಂಡಿ, ಮುಚ್ಚಿದರೆ ಉಸಿರುಕಟ್ಟು. ಕಾಯಿಸಿದ ಹಾಲನ್ನೇ ಮತ್ತೆ ಕಾಯಿಸುತ್ತಿದ್ದಳು. ಕ್ಯಾಂಪಿನ ಲಷ್ಕರಿ ಕಚೇರಿಯಲ್ಲಿ ಕಾರಕೂನನಾಗಿದ್ದ ಗಂಡ ದಿಗಂಬರ ನಗುತ್ತಿದ್ದ.

"ಶಾಲಿ ಕಲತದ್ದು ಅಂಜಲಿಕ್ಕೇನು? ನಮ್ಮವ್ವ ಒಂದಕ್ಷರ ಕಲೀಲಿಲ್ಲ, ಮನಿ ತುಂಬ ಮಕ್ಕಳನ್ನ ಬೆಳಸಿದ್ಲು."

ಆ ವರ್ಷದ ಆಷಾಢದಲ್ಲಿ ಅವಳು ಅಂಜಿದ್ದು ಗೋಡೆಗೆ.

ಅವರಿದ್ದದ್ದು ಕಸಬಾ ಪೇಠೆಯ ಹಳೆಯ ವಾಡೆಯೊಂದರ ಮೇಲಂತಸ್ತಿನ ಎರಡು ಖೋಲಿಗಳಲ್ಲಿ. ಕೆಳಗೆ ಕಲ್ಲು, ಮೇಲೆ ಮಣ್ಣಿನ ಗೋಡೆ, ಅದರ ಮೇಲೆ ಹಂಚು. ವಾಡೆ ದಿಗಂಬರನ ಹೆಡ್ ಕ್ಲಾರ್ಕರ ಮಾವನದು. ಅವರ ಮಾತಿನ ಮೇಲೆಯೇ ಈ ಬಿಡಾರ ಸಿಕ್ಕಿತ್ತು. ಒಳಖೋಲಿಯ ತೊಲೆಯಲ್ಲಿ ತೊಟ್ಟಿಲು ತೂಗುವ ಕೊಂಡಿ ಇದ್ದದ್ದು ಒಂದೇ, ಅದೂ ಹಿತ್ತಲ ಕಡೆಯ ಗೋಡೆಯ ಮಗ್ಗುಲಿಗೆ. ಮಳೆ ಹಿಡಿದ ವಾರದೊಳಗೆ ಆ ಗೋಡೆಯ ಮೇಲೆ ರೊಟ್ಟಿಯಷ್ಟಗಲ ಒದ್ದೆ ಮೂಡಿತು. ಅದು ಪರಾತದಷ್ಟಾಯಿತು, ಆಮೇಲೆ ಅದಕ್ಕೆ ಅಳತೆ ಹೇಳುವ ಪಾತ್ರೆ ಅವಳ ಅಡಿಗೆಮನೆಯಲ್ಲಿರಲಿಲ್ಲ. ಇಂದೂಗೆ ಕೆಮ್ಮು ಸುರುವಾಯಿತು. ಭಾಮಾ ತೊಟ್ಟಿಲು ಬಿಚ್ಚಿ ಕೂಸನ್ನು ಒಲೆಯ ಖೋಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದಳು. ಅಲ್ಲಿ ಹೊಗೆ. ಕೆಮ್ಮು ಹೆಚ್ಚಿತು.

"ಗೋಡಿ ಬೀಳತದರೀ," ಎಂದಳು ಗಂಡನಿಗೆ.

"ಹೂಂ, ಬೀಳತದ. ಅದಾದ ಮ್ಯಾಲೆ ಆಕಾಶ ಬೀಳತದ," ಎಂದ ದಿಗಂಬರ. ಆದರೂ ಅವಳ ಕಾಟ ತಾಳಲಾರದೆ ಒಂದು ಮುಂಜಾನೆ ಗವಂಡಿಯನ್ನು ಕರೆದುಕೊಂಡು ಬಂದ.

ಗೂಳಪ್ಪ ಬೈಲಹೊಂಗಲದ ಕಡೆಯವ. ಕ್ಯಾಂಪಿನ ಬಂಗಲೆಗಳ ಗೋಡೆ ಕಟ್ಟಿ ಕೈ ಪಳಗಿದವ, ದೊಡ್ಡ ಮೀಸೆ, ಸಣ್ಣ ದನಿ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ಬಂದು, "ಕೂಸಿನ ಕೆಮ್ಮು ಹ್ಯಾಂಗೈತ್ರಿ ಬಾಯಾರ?" ಎಂದು ಮೊದಲು ಅದನ್ನೇ ಕೇಳಿದ. ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ಎಲ್ಲ ಕಡೆ ತೊದಲುತ್ತ ಮರಾಠಿ ಮಾತಾಡಿ ದಣಿದಿದ್ದ ಭಾಮಾ ಆ ಒಂದು ಕನ್ನಡ ಮಾತಿಗೇ ಕೂಸನ್ನು ತಂದು ಅವನಿಗೆ ತೋರಿಸಿದಳು. ಗೂಳಪ್ಪ ಕರಣಿಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದ, ಕಿವಿಯಿಟ್ಟು ಕೇಳಿದ, ತೊಲೆ ಗೋಡೆಯೊಳಗೆ ಹೋಗುವಲ್ಲಿ ಉಗುರಿನಿಂದ ಕೆರೆದ. ಆಮೇಲೆ ಗಂಡಸರಿಬ್ಬರೂ ಹೊರಗಿನಿಂದ ನೋಡಿ ಬರುತ್ತೇವೆಂದು ಹಿತ್ತಲಿಗೆ ಇಳಿದರು. ತಿರುಗಿ ಬಂದಾಗ ಗೂಳಪ್ಪ ಮುಂಡಾಸು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ.

"ಏನೂ ಇಲ್ರಿ ಬಾಯಾರ. ಹಂಚು ಸರದಾವು, ಅಷ್ಟ. ಹಂಚು ಕೂಡಿಸಿ, ಗಿಲಾವ ಮಾಡಿ ಸುಣ್ಣಾ ಹೊಡದ್ರ ಮುಗೀತು."

ಕೆಲಸದ ದಿನಗಳಲ್ಲಿ ಅವನು ಒಳಖೋಲಿಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಹಸಿ ಗಿಲಾವದ ಥಂಡಿ ಕೂಸಿಗೆ ತಾಗಬಾರದು ಎನ್ನುತ್ತಿದ್ದ. ಎಂಥ ತಿಳಿವಳಿಕೆಯ ಮನುಷ್ಯ ಎಂದುಕೊಂಡಳು ಭಾಮಾ. ಮಧ್ಯಾಹ್ನ ಖೋಲಿಯ ಮುಂದಿನ ಪಡಸಾಲೆಯಲ್ಲಿ ಕೂಡಿಸಿ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ ಹಾಕಿದಳು.

"ಪಂಚಮಿಗೆ ತವರಿಗೆ ಹೋಗೂದಿಲ್ಲೇನ್ರಿ?" ಎಂದು ಕೇಳಿದ ಒಂದು ದಿನ.

"ಕರಿಲಿಕ್ಕೆ ಬರಾವ್ರು ಯಾರಿದ್ದಾರ? ಅಪ್ಪ ಹೋದ್ರು. ಅಣ್ಣ ತಮ್ಮ ಇಲ್ಲ."

ಗೂಳಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

ನಾಗರಪಂಚಮಿಯ ದಿನ ತೊಳೆದ ಅಂಗಿ ತೊಟ್ಟು ಬಂದು, ಕೈಯಲ್ಲಿದ್ದ ಹಸಿರು ಕುಪ್ಪಸದ ಖಣವನ್ನು ಮುಂದೆ ಹಿಡಿದ. "ತವರ ಖಣ ಅನಕೋ ತಂಗೆವ್ವಾ. ಗೋಡಿ ಒಣಗೈತಿ. ಇನ್ನ ಧೈರ್ಯಲೇ ತೊಟ್ಲಾ ಕಟ್ಟು."

ಭಾಮಾ ತಂಬಿಟ್ಟು, ಅಳ್ಳು ಕೊಟ್ಟು, ಅಣ್ಣಾ ಎಂದು ಕರೆದು ಕಾಲಿಗೆ ಬಿದ್ದಳು. ಮದುವೆಯಾದ ಮೇಲೆ ಅವಳು ಅಳದೆ ಕಳೆದ ಮೊದಲ ಪಂಚಮಿ ಅದು. ಕೆಳಗಿನ ಮನೆಯ ಸುಲಭಾ ಖಣವನ್ನು ಮುಟ್ಟಿ ನೋಡಿ, ನಿನಗೂ ಅಣ್ಣ ಬಂದನಲ್ಲ ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದಳು. ಸಂಜೆಗೆ ತೊಟ್ಟಿಲು ಮತ್ತೆ ಕೊಂಡಿಗೇರಿತು. ಹಾಲಿನಂಥ ಬಿಳಿ ಗೋಡೆ. ಭಾಮಾ ಗಂಡನಿಗೆ, "ನಾ ಸುಮ್ಮನ ಭಾಳ ಕಾಡಿದೆ ನಿಮಗ," ಎಂದಳು. ದಿಗಂಬರ, "ಇರಲಿ ಬಿಡು," ಎಂದ, ದೊಡ್ಡ ಮನಸ್ಸಿನಿಂದ.

ಗಣಪತಿ ಹಬ್ಬ ಹತ್ತಿರ ಬಂದಾಗ ಮಳೆ ಮತ್ತೆ ಹಟ ಹಿಡಿಯಿತು. ಒಂದು ಮಧ್ಯಾಹ್ನ ಇಂದೂ ಮಲಗಿದಲ್ಲೇ ಅಳತೊಡಗಿದಳು. ಭಾಮಾ ಎತ್ತಿಕೊಂಡು ಒಲೆಯ ಖೋಲಿಗೆ ಬಂದು ಎದೆಗೆ ಹಚ್ಚಿಕೊಂಡಿದ್ದಳಷ್ಟೇ. ಒಳಖೋಲಿಯಲ್ಲಿ ಜೋಳದ ಚೀಲ ಎತ್ತಿ ಒಗೆದಂಥ ಸದ್ದು.

ತೊಟ್ಟಿಲಲ್ಲಿ ಮಣ್ಣು ತುಂಬಿತ್ತು. ಕೆಸರು ಮಣ್ಣು, ಕಲ್ಲು, ಸುಣ್ಣದ ಹೆಕ್ಕಳೆ. ಗೋಡೆಯಲ್ಲಿ ಬಾಯಿ ತೆರೆದ ತೂತಿಗೆ ಗೋಣಿತಟ್ಟು ಜೋತುಬಿದ್ದಿತ್ತು. ಅದನ್ನು ಮೊಳೆ ಹೊಡೆದು ಬಿಗಿದು, ಅದರ ಮೇಲೆ ಗಿಲಾವ ಬಳಿದಿದ್ದರು. ಒಳಗೆ ತೊಲೆಯ ತುದಿ ನೆನೆದ ಬೆಲ್ಲದಂತೆ ಕಪ್ಪಗೆ ಕರಗಿತ್ತು.

ಅವಳ ಕೂಗಿಗೆ ಸುಲಭಾ ಓಡಿ ಬಂದು, ತಾಯಿ ಮಗಳಿಬ್ಬರನ್ನೂ ಕೆಳಗೆ ಕರೆದೊಯ್ದು, ಮೈದುನ ಬಾಳುವನ್ನು ದಿಗಂಬರನ ಕಚೇರಿಗೆ ಓಡಿಸಿದಳು. ಸಂಜೆಯಾಗುವಷ್ಟರಲ್ಲಿ ದಿಗಂಬರ ಬಂದ, ದಾರಿಯಲ್ಲಿ ಹಿಡಿದ ಗೂಳಪ್ಪನೂ ಜೊತೆಗೆ ಬಂದ. ಎಲ್ಲರೂ ಮೇಲೆ ಹೋದರು.

ತೊಟ್ಟಿಲು ನೋಡಿದ್ದೇ ದಿಗಂಬರ ಗೂಳಪ್ಪನ ಮೇಲೆ ಹರಿಹಾಯ್ದ. "ಇದೇನೋ ನಿನ್ನ ಕೆಲಸ? ನಮ್ಮ ಕಡೆಯಾವ ಅಂತ ನಂಬಿದ್ರ ಕೊರಳು ಕೊಯ್ತಿಯೇನೋ, ಹರಾಮಖೋರ!"

ಗೂಳಪ್ಪ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದ. "ರಾಯರ, ಹಂಗ ಅನಬ್ಯಾಡ್ರಿ. ನೀವು ಅನಬ್ಯಾಡ್ರಿ."

"ಯಾಕ ಅನಬಾರದು?" ಎಂದಳು ಭಾಮಾ. "ನಿನ್ನ ಮಾತಿನ ಮ್ಯಾಲೆ ತೊಟ್ಲಾ ಕಟ್ಟಿದೆ ಅಣ್ಣಾ."

ಅವನು ಅವಳತ್ತ ನೋಡಲಿಲ್ಲ, ಗೋಡೆಗೆ ಹೇಳಿದ. "ತೊಲಿ ಹುಳತೈತಿ, ಗೋಡಿ ಬಿಚ್ಚಬೇಕು, ಇಲ್ಲಾ ನೀವು ಮನಿ ಬಿಡಬೇಕು ಅಂತ ಅವತ್ತ ಹಿತ್ತಲದಾಗ ಹೇಳೀನಿ. ಬಿಚ್ಚಿಸಂದ್ರ ಹೆಡ್ ಕ್ಲಾರ್ಕ ಸಾಹೇಬ್ರು ಮುನೀತಾರ, ಬಡತಿ ತಪ್ಪತೈತಿ ಅಂದ್ರು ರಾಯರು. ದೀವಳಿಗಿ ತನಕಾ ಹ್ಯಾಂಗರ ಮುಚ್ಚು, ಆಕಿಗೆ ಮಾತ್ರ ಹೇಳಬ್ಯಾಡ, ಆಕಿ ಮೊದಲ ಅಂಜುಬುರುಕಿ ಅಂದ್ರು."

ಭಾಮಾ ಗಂಡನ ಮುಖ ನೋಡಿದಳು. ಸುಳ್ಳೆಂದು ಅವನು ಹೇಳಲಿ ಎಂದು ಕಾದಳು. ದಿಗಂಬರ ಕೊಡೆಯ ಹಿಡಿಯನ್ನು ತಿರುವುತ್ತ ನಿಂತಿದ್ದ.

"ಮತ್ತ ಖಣ?" ಎಂದಳು.

ಗೂಳಪ್ಪ ದಿಗಂಬರನತ್ತ ನೋಡಿದ.

"ಖಣ ಯಾರು ತಂದದ್ದು?"

"ರಾಯರ ಕೊಡಸಿದ್ರು," ಎಂದ ಗೂಳಪ್ಪ, ಕೇಳಿಸದಷ್ಟು ಸಣ್ಣಗೆ. "ನೀ ಹೇಳಿದ್ರ ಆಕಿ ನಂಬತಾಳ, ತೊಟ್ಲಾ ಕಟ್ಟತಾಳ ಅಂದ್ರು."

"ನಿನ್ನ ಸಮಾಧಾನಕ್ಕ ಮಾಡಿದ್ದು ಭಾಮಾ," ಎಂದ ದಿಗಂಬರ. "ರಾತ್ರಿ ಹಗಲು ಒಂದ ಹಾಡು ಹಾಡತಿದ್ದಿ. ಇಷ್ಟ ಲಗೂನ ಬೀಳತದ ಅಂತ ನನಗೇನು ಗೊತ್ತು?"

"ಬೀಳತದ ಅಂತ ಗೊತ್ತಿತ್ತು. ಲಗೂನ ಅನ್ನೂದಷ್ಟ ಗೊತ್ತಿದ್ದಿಲ್ಲ," ಎಂದಳು ಭಾಮಾ. ಗೂಳಪ್ಪನ ಕಡೆ ತಿರುಗಿ, "ಗೂಳಪ್ಪನವರ, ನೀವಿನ್ನ ಹೋಗ್ರಿ," ಎಂದಳು. ಅಣ್ಣ ಎಂದವಳು ಹಾಗೆ ಬಹುವಚನದಲ್ಲಿ ಕರೆದದ್ದು ಬೈಗಳಿಗಿಂತ ಹೆಚ್ಚಾಗಿ ತಾಕಿತೇನೋ, ಅವನು ಮೆಟ್ಟಿಲಿಳಿದು ಬರಿಗಾಲಲ್ಲೇ ಹೊರಟು, ನಡುಬೀದಿಯಿಂದ ಚಪ್ಪಲಿಗಾಗಿ ತಿರುಗಿ ಬಂದ.

ಮರುದಿನ ದಿಗಂಬರ ಕಚೇರಿಗೆ ಹೊರಡುವ ಮೊದಲೇ ಭಾಮಾ ವಾಡೆಯ ಯಜಮಾನರ ಅಂಗಳದಲ್ಲಿ ನಿಂತು, ಒಡಕು ಮರಾಠಿಯಲ್ಲಿ, ಗೋಡೆ ಬಿದ್ದಿದೆ, ನಾವು ಬಿಡುತ್ತೇವೆ ಎಂದು ಹೇಳಿ ಮುಗಿಸಿದ್ದಳು. ಹೊಸ ಬಿಡಾರ ಹುಡುಕಲು ಸುಲಭಾಳನ್ನು ಕರೆದುಕೊಂಡು ತಾನೇ ತಿರುಗಿದಳು. ಹಬ್ಬದ ಮೊದಲೇ ಕ್ಯಾಂಪಿನ ಕಡೆ ಒಂದು ಒಣ ಗೋಡೆಯ ಖೋಲಿಗೆ ಹೋದರು. ಹೆಡ್ ಕ್ಲಾರ್ಕರು ಮುನಿದರೋ ಇಲ್ಲವೋ, ದಿಗಂಬರ ಮನೆಯಲ್ಲಿ ಆ ಮಾತೆತ್ತಲಿಲ್ಲ.

ಅವರ ಸಂಸಾರ ಮುರಿಯಲಿಲ್ಲ. ಆ ಕಾಲದಲ್ಲಿ ಹಾಗೆಲ್ಲ ಮುರಿಯುತ್ತಿರಲಿಲ್ಲ. ಅವನಿಗೆ ರೊಟ್ಟಿ ಬಡಿದಳು, ಅವನ ಅಂಗಿಗೆ ಗುಂಡಿ ಹಚ್ಚಿದಳು. ಚಳಿಗಾಲದಲ್ಲಿ ಇಂದೂಗೆ ಒಮ್ಮೆ ಜ್ವರ ಬಂದಿತು. ಮೂರುಸಂಜೆಯ ಹೊತ್ತಿಗೆ ದಿಗಂಬರ ಕೂಸಿನ ಹಣೆ ಮುಟ್ಟಿ, "ಇಳದದ ಭಾಮಾ, ಏನೂ ಇಲ್ಲ ಈಗ," ಎಂದ.

ನಿಜವಾಗಿಯೂ ಇಳಿದಿತ್ತು. ಭಾಮಾ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಅವನ ಕೈಯನ್ನು ಸರಿಸಿ, ತಾನೇ ಮುಟ್ಟಿ ನೋಡಿದಳು.