ಕೈಗೆ ಕೊಡದ ಉಪ್ಪು

ನೆಲಮಂಗಲದ ಬಸ್ ನಿಲ್ದಾಣದ ಹಿಂದಿನ ಓಣಿ. ಇನ್ನೂ ಮಬ್ಬುಗತ್ತಲು. ಪಿಳ್ಳಮ್ಮ ತಪ್ಪಲೆಯಿಂದ ಒಂದು ಕಡಲೆಕಾಯಿ ತೆಗೆದು, ಊದಿ, ಗೋಡೆಗೊರಗಿ ಕುಳಿತ ಅತ್ತೆಯ ಮುಂದೆ ನೆಲದ ಮೇಲಿಡುತ್ತಾರೆ. ಅತ್ತೆ ಮುನಿವೆಂಕಟಮ್ಮ ಅದನ್ನು ಸುಲಿದು, ವಸಡಿನಲ್ಲಿ ಅರೆದು, ಕಣ್ಣು ಮುಚ್ಚುತ್ತಾರೆ. ಆಮೇಲೆ ಕೋಲಿನ ತುದಿಯಿಂದ ಉಪ್ಪಿನ ಕುಡಿಕೆಯನ್ನು ಸೊಸೆಯತ್ತ ತಳ್ಳುತ್ತಾರೆ. ಸಾಲದು ಎಂದರ್ಥ. ಸರಿಯಿದ್ದರೆ ಸಿಪ್ಪೆ ಒಲೆಗೆ ಬೀಳುತ್ತದೆ. ಮಾತಿಲ್ಲ.

ಈ ಮನೆಯಲ್ಲಿ ಮಾತು ನಿಂತದ್ದು ಅರವತ್ತೆಂಟನೇ ಇಸವಿಯಲ್ಲಿ. ಪಿಳ್ಳಮ್ಮನವರ ಗಂಡ ಕೊಂಡಪ್ಪ ಬೇಯಿಸಿದ ಕಾಯಿ, ಹೆಚ್ಚಿದ ಸೌತೆಕಾಯಿ ಹೊತ್ತು ಬಸ್ಸಿನ ಕಿಟಕಿಗಳ ಬಳಿ ಮಾರುತ್ತಿದ್ದರು. ಒಂದು ಬೆಳಿಗ್ಗೆ ಬಸ್ಸಿನ ಸದ್ದು ಕೇಳಿ, "ಸೌತೆಕಾಯಿಗೆ ಉಪ್ಪು ತಾರೇ ಬೇಗ" ಎಂದು ಕೈಯೊಡ್ಡಿದರು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂಬ ನಂಬಿಕೆ ಇಲ್ಲಿನದು. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅವಸರದಲ್ಲಿ ಪಿಳ್ಳಮ್ಮ ಅಂಗೈಗೇ ಸುರಿದರು. ಅತ್ತೆ ನೋಡಿದರು. ಅಂದೇ ನಿಲ್ದಾಣದಲ್ಲಿ ಒಂದು ಕಿಟಕಿಗಾಗಿ ಇನ್ನೊಬ್ಬ ವ್ಯಾಪಾರಿಯ ಜೊತೆ ತಳ್ಳಾಟವಾಗಿ, ಕೊಂಡಪ್ಪ ಹೊರಟ ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕಿ ತೀರಿಕೊಂಡರು.

"'ಕೈಗೆ ಉಪ್ಪು ಕೊಟ್ಟಲ್ಲೇ' ಅಂದ್ರು ಅತ್ತೆ. ಅಷ್ಟೇ. ಆಮ್ಯಾಕೆ ನನ್ ಕೂಡೆ ಬಾಯಿ ಬಿಟ್ಟಿಲ್ಲ" ಎನ್ನುತ್ತಾರೆ ಪಿಳ್ಳಮ್ಮ. "ಅವತ್ತಿಂದ ಕಾಯಿ ನನ್ ಗಂಟಲಲ್ಲಿ ಇಳಿಯಲ್ಲ. ರುಚಿ ನೋಡಾಕೆ ಅವ್ರೇ ಗತಿ."

ಹಸಿಕಾಯಿಯನ್ನು ಮಣ್ಣು ಬಿಡುವವರೆಗೆ ತೊಳೆದು, ಮುಳುಗುವಷ್ಟು ನೀರಿಗೆ ಕಲ್ಲುಪ್ಪು ಹಾಕಿ ಬೇಯಿಸುತ್ತಾರೆ. ಇಳಿಸಿದ ಕೂಡಲೇ ಬಸಿಯುವುದಿಲ್ಲ. "ಬೇಯೋದು ಅರ್ಧ, ನೆನೆಯೋದು ಅರ್ಧ. ಆರ್ತಾ ಆರ್ತಾ ಉಪ್ಪು ಒಳಕ್ಕೆ ಹೋಗ್ತದೆ."

ಬೆಳಕು ಹರಿದ ಮೇಲೆ ಕಾಯಿ ತುಂಬಿದ ಬಿದಿರಿನ ಮಂಕರಿ ತಲೆಗೇರುತ್ತದೆ. ತುಮಕೂರು ಬಸ್ಸಿನ ಕಂಡಕ್ಟರ್ ಒಂದು ಕಾಯಿ ಬಾಯಿಗೆಸೆದುಕೊಂಡು ಮುಖ ಕಿವುಚುತ್ತಾನೆ.

"ಏನಕ್ಕಾ, ಸಮುದ್ರಾನೇ ಬೇಯಿಸ್ಕೊಂಡು ಬಂದಿದ್ದೀಯಾ?"

"ನೀರು ಕುಡಿಯಣ್ಣ. ದಿನಾ ಪುಗಸಟ್ಟೆ ತಿನ್ನೋ ಬಾಯಿಗೆ ಅಷ್ಟಾದ್ರೂ ಉರಿ ಬ್ಯಾಡ್ವಾ?"

ಕಿಟಕಿಗಳಲ್ಲಿ ನಗು. ಕೊಳ್ಳುವ ಕೈಗಳು ಮಾತ್ರ ಕಡಿಮೆ. ಈಚೆಗೆ ಅರ್ಧ ಮಂಕರಿ ಹಾಗೆಯೇ ಮನೆಗೆ ಮರಳುತ್ತದೆ. ಪಿಳ್ಳಮ್ಮನವರಿಗೆ ಕಾರಣ ಗೊತ್ತು. ಅತ್ತೆಯ ನಾಲಿಗೆ ಸೋತಿದೆ. ಎಷ್ಟು ಉಪ್ಪು ಹಾಕಿದರೂ ಕುಡಿಕೆ ಮತ್ತೆ ಮುಂದೆ ಬರುತ್ತದೆ.

ಮನೆಗೆ ಮರಳಿದ ಮೇಲೆ, ಇನ್ನೊಬ್ಬರಿಂದ ರುಚಿ ನೋಡಿಸಬಹುದಲ್ಲ ಎಂದರೆ ಪಿಳ್ಳಮ್ಮ ಒಲೆಯ ಬೂದಿ ಕೆದಕುತ್ತಾರೆ.

"ಯಾಪಾರ ಕೆಡ್ತಾ ಅದೆ, ಗೊತ್ತು. ಆದ್ರೆ ಆ ಕುಡಿಕೆ ತಳ್ಳೋದೊಂದೇ ಅವ್ರು ನನ್ ಕಡೆ ನೋಡಿ ಮಾಡೋ ಕೆಲ್ಸ. ಅದ್ನೂ ಬ್ಯಾಡ ಅನ್ಲಾ?"

ಆಸೆ ಏನಾದರೂ ಉಂಟೇ? ಪಿಳ್ಳಮ್ಮ ಅತ್ತೆಯತ್ತ ನೋಡುತ್ತಾರೆ. ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

"ಒಂದ್ಸಲ ಆ ಕೋಲು ಬಿಟ್ಟು, ನನ್ ಕೈಗೇ ಉಪ್ಪು ಕೊಟ್ಬಿಡ್ಲಿ. ಜಗಳ ಆಗ್ಲಿ ಬುಡಿ. ಮಾತಾದ್ರೂ ಆಡ್ತಾರಲ್ಲ."