ಅರಳದೆ ಉಳಿದ ಕಾಳು

ಹೋದ ಭಾನುವಾರ ದುರ್ಗದ ನಮ್ಮ ಮನೆಯಲ್ಲಿ ಗ್ರನೋಲಾ ಮಾಡುತ್ತಿದ್ದೆ. ಸೊಸೆ ಅಂಗಡಿಯಿಂದ ತರುವ ಪೊಟ್ಟಣದ ಬೆಲೆ ಕೇಳಿ, ನಾನೇ ಹಟ ಹಿಡಿದು ಶುರು ಮಾಡಿದ ಕೆಲಸ ಇದು. ಹೆಸರು ಯಾವ ದೇಶದ್ದಾದರೂ ಇರಲಿ, ಒಳಗಿರುವುದೆಲ್ಲ ನಮ್ಮ ಸಾಮಾನೇ. ಜೋಳದ ಅರಳು, ನವಣೆ, ಶೇಂಗಾ, ಕೊಬ್ಬರಿ, ಸೊಸೆಯ ಸಮಾಧಾನಕ್ಕೆ ಒಂದಿಷ್ಟು ಓಟ್ಸು. ಬೇರೆ ಬೇರೆ ಹುರಿದು ಬೆಲ್ಲದ ಪಾಕದಲ್ಲಿ ಕಲಸಿಟ್ಟರೆ ಮನೆಮಂದಿಗೆಲ್ಲ ಹದಿನೈದು ದಿನ ಬರುತ್ತದೆ. ಪಾಕದ ವಾಸನೆ ಮನೆ ತುಂಬಿತ್ತು. ಅಂದ ಕಾಣಲಿ ಅಂತ ಮೊಮ್ಮಗಳು ಒಂದು ಹಿಡಿ ಗುಲಾಬಿ ಬಣ್ಣದ ಸಕ್ಕರೆ ಸೋಂಪು ತಂದು ತಟ್ಟೆಗೆ ಸುರಿದಳು.

ನನ್ನ ಕೈ ತಟ್ಟೆಯನ್ನು ತಳ್ಳಿಬಿಟ್ಟಿತು. ತಳ್ಳಬೇಕು ಎಂದು ನಾನು ಅಂದುಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ಎಲ್ಲ ನೆಲದ ಪಾಲಾಯಿತು. ಹುಡುಗಿ ಬೆಚ್ಚಿ ಗೋಡೆಗೆ ಒತ್ತಿಕೊಂಡು ನಿಂತಳು. ಅವಳಿಗಿಂತ ಹೆಚ್ಚು ಬೆಚ್ಚಿದವಳು ನಾನು. ಐವತ್ತು ವರ್ಷಕ್ಕೂ ಮೇಲಾಗಿದೆ, ಮರೆತಿದ್ದೇನೆ ಅಂದುಕೊಂಡಿದ್ದೆ...

ಆಗ ನಾವು ಹೊಳಲ್ಕೆರೆಯಲ್ಲಿದ್ದೆವು. ನಮ್ಮ ಓಣಿಯ ತುದಿಯಲ್ಲಿ ಕಾಳು ಹುರಿಯುವ ಅಜ್ಜಿಯೊಬ್ಬಳಿದ್ದಳು. ಕುರಿಗಾರರ ಮನೆಯವಳು. ಮಗ ಕುರಿ ಹಿಂದೆ ಊರೂರು ಸುತ್ತುತ್ತಿದ್ದ, ಇವಳು ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಓಣಿಯವರು ತಂದ ಕಾಳು ಹುರಿದು ಕೊಡುತ್ತಿದ್ದಳು. ಕೂಲಿ ಕೇಳುತ್ತಿರಲಿಲ್ಲ. ಯಾರೇ ತರಲಿ, ಹುರಿದದ್ದರಲ್ಲಿ ಒಂದು ಹಿಡಿ ಅವಳದು. ಒಬ್ಬರದು ಜೋಳ, ಒಬ್ಬರದು ಸಜ್ಜೆ, ಇನ್ನೊಬ್ಬರದು ಕಡಲೆ... ಹಿಡಿ ಹಿಡಿಯಾಗಿ ಕೂಡಿದ್ದಕ್ಕೆ ಬೆಲ್ಲ ಹಾಕಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಬೆಳಗಾದರೆ ಓಣಿಯ ಮಕ್ಕಳೆಲ್ಲ ಅವಳ ಮುಂದೆ ಕೈಯೊಡ್ಡಿ ಹಾಜರು. ಕೊಡುವ ಮುಂಚೆ ತಾನೊಂದು ಚೂರು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಆಮೇಲೆ ಕೊಡುತ್ತಿದ್ದಳು. ಮುದುಕಿಗೆ ಎಷ್ಟು ಆಸೆ ನೋಡು ಅಂತ ನಾವು ನಗುತ್ತಿದ್ದೆವು.

ಅವಳದು ಒಂದೇ ಕಟ್ಟುನಿಟ್ಟು. ಕಾಳು ಮರಳಿಗೆ ಹಾಕುವ ಮುಂಚೆ "ಯಾವ ಕಾಳವ್ವ ಇದು?" ಅಂತ ಕೇಳಲೇಬೇಕು. ಬಿತ್ತನೆಗೆ ಇಟ್ಟ ಬೀಜವನ್ನು ಅವಳು ಯಾರಿಗೂ ಹುರಿದು ಕೊಡುತ್ತಿರಲಿಲ್ಲ. ಬೀಜ ತಿನ್ನುವುದು ಒಕ್ಕಲು ಮನೆಗಳಲ್ಲಿ ತಲೆ ತಗ್ಗಿಸುವ ವಿಷಯ, ಹುರಿದವಳಿಗೂ ಅದರ ಪಾಪ ತಟ್ಟುತ್ತದೆ ಅಂತ ಅವಳ ನಂಬಿಕೆ.

ಹೈಬ್ರಿಡ್ ಜೋಳ ನಮ್ಮ ಕಡೆ ಬಂದ ಹೊಸದು. ರಾಮಗಿರಿಯ ನಮ್ಮ ಮಾವ ಬಿತ್ತಿ ಮಿಕ್ಕ ಬೀಜವನ್ನು ಒಂದು ಚೀಲದಲ್ಲಿ ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದ. ಕಾಳಿಗೆಲ್ಲ ಹುಳ ಹಿಡಿಯದಂತೆ ಹಚ್ಚಿದ ಗುಲಾಬಿ ಬಣ್ಣದ ಔಷಧಿ. ನಾಗರಪಂಚಮಿ ಹತ್ತಿರ ಬಂತು, ಮನೆಯ ಜೋಳ ಮುಗಿದಿತ್ತು, ಅರಳಿಲ್ಲದೆ ಪಂಚಮಿ ಆಗುವುದಿಲ್ಲ. ಅವ್ವ ಆ ಬೀಜವನ್ನು ಮೂರು ನೀರಿನಲ್ಲಿ ತಿಕ್ಕಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದಳು. ಬಣ್ಣ ಹೋಯಿತು. ಬಣ್ಣ ಹೋದರೆ ಔಷಧಿಯೂ ಹೋಯಿತು ಅಂತ ಅವಳ ಎಣಿಕೆ. ಬುಟ್ಟಿಯನ್ನು ನನ್ನ ಸೊಂಟಕ್ಕೆ ಕೊಡುತ್ತಾ, "ಅಜ್ಜಿ ಕೇಳಿದ್ರೆ ಮನೆ ಜೋಳ ಅನ್ನು" ಎಂದಳು. ನನಗಾಗ ಒಂಬತ್ತು ವರ್ಷ.

"ಯಾವ ಕಾಳವ್ವ ಇದು?"

"ಮನೆ ಜೋಳ."

ಎರಡೇ ಮಾತು. ನಾಲಗೆ ತೊದಲಲೂ ಇಲ್ಲ. ಅಜ್ಜಿ ಹುರಿದಳು, ತನ್ನ ಹಿಡಿ ತೆಗೆದುಕೊಂಡಳು, ನಾನು ಮನೆಗೆ ಬಂದೆ. ಅವ್ವ ಅರಳಿಗೆ ಶೇಂಗಾ ಬೆರೆಸಿ ಬೆಲ್ಲ ಕಲಸಿ, ಅಡುಗೆಮನೆಯಲ್ಲಿ ತಟ್ಟೆ ಇಟ್ಟಳು. ನಾನು, ತಂಗಿ, ತಮ್ಮ ಸುತ್ತ ಕುಳಿತೆವು. ತಮ್ಮ ಯಾವಾಗಲೂ ಆತುರಗಾರ, ಆಗಲೇ ಒಂದು ಮುಕ್ಕು ಹಾಕಿಕೊಂಡಿದ್ದ.

ಅಷ್ಟರಲ್ಲಿ ಅಜ್ಜಿ ಒಳಗೆ ನುಗ್ಗಿದಳು. ಆ ಕಾಲದ ಮಡಿ ಮೈಲಿಗೆಯಲ್ಲಿ ಅಷ್ಟು ವರ್ಷ ನಮ್ಮ ಹೊಸ್ತಿಲು ದಾಟದವಳು, ಜಗಲಿಯ ಕೆಳಗೇ ನಿಂತು ಮಾತಾಡಿ ಹೋಗುತ್ತಿದ್ದವಳು, ನೇರ ಒಲೆಯ ಮುಂದಕ್ಕೆ ಬಂದು ತಟ್ಟೆಯನ್ನು ಕಾಲಿನಿಂದ ಒದ್ದಳು. ತಿನ್ನುವ ವಸ್ತುವನ್ನು, ಕಾಲಿನಿಂದ. ತಮ್ಮನ ಕತ್ತು ಬಗ್ಗಿಸಿ ಬಾಯಿಗೆ ಬೆರಳು ತುರುಕಿ ಕಕ್ಕಿಸಿದಳು. ಅವ್ವ ಸಿಟ್ಟಿನಿಂದ ಎದ್ದಳು.

"ಏನಜ್ಜಿ, ತಲೆ ಕೆಟ್ಟೈತಾ ನಿಂಗೆ?"

ಅಜ್ಜಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅರಳದೆ ಉಳಿದ ಮೂರು ಕಾಳು. ಪ್ರತಿ ಕಾಳಿನ ಮೂತಿಯಲ್ಲಿ, ನೀರು ಹೋಗದ ಸಂದಿನಲ್ಲಿ, ಸೂಜಿಮೊನೆಯಷ್ಟು ಗುಲಾಬಿ ಬಣ್ಣ.

"ಇದನ್ನ ತಿಂದೇ ಅಮ್ಮಾರೆ ನನ್ ಮಗನ ಎರಡು ಕುರಿ ಸತ್ತಿದ್ದು. ಮಕ್ಕಳಿಗೆ ಕೊಡಬ್ಯಾಡ್ರಿ. ನಾನು ತಿಂದ್ಮೇಲೆ ನೋಡಿದೆ..." ಎಂದವಳು ಹೊರಗೆ ಓಡಿ ಜಗಲಿಯ ಕೆಳಗೆ ಕುಸಿದು ವಾಂತಿ ಮಾಡತೊಡಗಿದಳು.

ಓಣಿಯವರೆಲ್ಲ ಸೇರಿದರು. ಆಸ್ಪತ್ರೆಗೆ ಒಯ್ಯಲು ಅವಳನ್ನು ಲಾರಿಯೊಂದಕ್ಕೆ ಹತ್ತಿಸುವಾಗ ಯಾರೋ ಕೇಳಿದರು, "ಯಾರ ಮನೆ ಕಾಳಜ್ಜಿ ಅದು?" ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಅವಳ ಸೀರೆ ಹಿಡಿದಿದ್ದೆ. ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ, "ಯಾರ್ದೋ ಏನೋ... ಎಲ್ರುದೂ ಒಂದೇ ಗಡಿಗೇಲಿ ಹಾಕ್ತೀನಿ. ನಾನೇ ನೋಡ್ಲಿಲ್ಲ" ಎಂದಳು.

ಬದುಕಿ ಬಂದಳು. ತಮ್ಮನಿಗೆ ಏನೂ ಆಗಲಿಲ್ಲ, ಈಗ ಹಿರಿಯೂರಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ. ಅಜ್ಜಿ ಮಾತ್ರ ಅರ್ಧ ಆಗಿದ್ದಳು. ಮತ್ತೆ ಒಲೆ ಹೂಡಿದಳು, ಆದರೆ ಯಾರಿಂದಲೂ ಹಿಡಿ ತೆಗೆದುಕೊಳ್ಳಲಿಲ್ಲ. ಕಾಸು ಕೊಟ್ಟರೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಗಡಿಗೆ ಬರಿದಾಯಿತು, ಬೆಳಗಿನ ಹೊತ್ತು ಮಕ್ಕಳು ಅವಳ ಅಂಗಳಕ್ಕೆ ಹೋಗುವುದು ನಿಂತಿತು. ನಮ್ಮ ಮನೆಯಲ್ಲಿ ಈ ಮಾತು ಯಾರೂ ಎತ್ತಲಿಲ್ಲ. ಅವ್ವ ಸಾಯುವವರೆಗೂ ಎತ್ತಲಿಲ್ಲ.

ಮುಂದಿನ ಪಂಚಮಿಗೆ ಮತ್ತೆ ನಾನೇ ಬುಟ್ಟಿ ಹೊತ್ತು ಹೋದೆ. ಈ ಸಲ ನಿಜವಾಗಿಯೂ ಮನೆ ಜೋಳ. ನನ್ನ ಮುಂದಿದ್ದವರನ್ನು ಅಜ್ಜಿ ಒಬ್ಬೊಬ್ಬರನ್ನಾಗಿ ಕೇಳಿದಳು, ಯಾವ ಕಾಳು, ಯಾವ ಕಾಳು ಅಂತ. ನನ್ನ ಸರದಿ ಬಂತು. ಬುಟ್ಟಿ ತೆಗೆದುಕೊಂಡಳು, ಮರಳಿಗೆ ಸುರಿದಳು, ಹುರಿದು ಕೊಟ್ಟಳು. ಕೇಳಲಿಲ್ಲ. ಅದು ಕ್ಷಮೆಯೋ, ನನ್ನ ಮಾತಿಗೆ ಇನ್ನು ಬೆಲೆಯಿಲ್ಲ ಅಂತಲೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಒಂದು ಏಟು ಕೊಟ್ಟಿದ್ದರೆ ಮರೆತುಬಿಡುತ್ತಿದ್ದೆ.

ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಮದುವೆಯಾಗಿ ಹೊಸದುರ್ಗದಲ್ಲಿದ್ದೆ. ಬಸ್ಸಿಗೆ ದೂರವೇನೂ ಇರಲಿಲ್ಲ. ಹೋಗಲಿಲ್ಲ. ಹೋಗಿ ಯಾರ ಮುಂದೆ ಏನು ಹೇಳಲಿ...

ಭಾನುವಾರ ನೆಲದ ಮೇಲೆ ಬಿದ್ದದ್ದನ್ನೆಲ್ಲ ಗುಡಿಸಿ, ಮತ್ತೆ ಮೊದಲಿನಿಂದ ಹುರಿಯಲು ಕುಳಿತೆ. ಮೊಮ್ಮಗಳು ಸ್ವಲ್ಪ ಹೊತ್ತಿಗೆ ಹೆದರಿಕೆ ಬಿಟ್ಟು ಪಕ್ಕಕ್ಕೆ ಬಂದಳು. ತಟ್ಟೆಯಲ್ಲಿದ್ದ ಜೋಳವನ್ನು ಬೆರಳಲ್ಲಿ ಆಡಿಸುತ್ತಾ, "ಇದು ಯಾವ ಕಾಳಜ್ಜಿ?" ಎಂದಳು.

ಬಾಣಲೆಯಲ್ಲಿದ್ದದ್ದು ಸೀಯುತ್ತಿದ್ದರೂ, ನಾನು ಆ ಜೋಳವನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಂಡು ಪ್ರತಿ ಕಾಳಿನ ಮೂತಿ ನೋಡುತ್ತಾ ಕುಳಿತೆ.